ಪೂರ್ವಕ್ಕೆ ತಿಮ್ಮವ್ವನ ಬಾವಿ

ಹೈದರಾಬಾದ್
ಅಕ್ಟೋಬರ್ ೧೮, ೧೯೩೭

ಪೂಜ್ಯ ಮಾಮಾ ಅವರಿಗೆ,

ನಿಮ್ಮ ಪಾರ್ವತಿಯ ಶರಣುಗಳು. ಒಂದು ಹಲ್ಲುನೋವು ಬಿಟ್ಟರೆ ನಾನು ಸುಖವಾಗಿ ಬಂದು ಮುಟ್ಟಿದೆ. ಯಾದಗಿರಿ ಸ್ಟೇಷನ್ನಿನಲ್ಲಿ ನೀವು ಕಟ್ಟಿಸಿಕೊಟ್ಟ ಶೇಂಗಾ ಹೋಳಿಗೆ ಬೋರ್ಡಿಂಗಿನ ಹುಡುಗಿಯರ ಪಾಲಾಯಿತು. ನನ್ನ ಹಲ್ಲಿಗೆ ಅದು ಆಗುವಂತಿರಲಿಲ್ಲ.

ದಸರೆಗೆ ಬಂದಾಗ ನೀವು ದೇವಾಪುರದ ದಾರಿಯಲ್ಲಿ ಬಸವಂತ್ರಾಯರ ಹೊಲ ತೋರಿಸಿದಿರಿ. ಅವರು ಶಹಾಪುರದ ಹತ್ತಿ ಅಂಗಡಿ ಸೇರಿದ ಮೇಲೆ ಈ ಹೊಲ ಮಾರುವ ಮನಸ್ಸಿನಲ್ಲಿದ್ದಾರೆ ಎಂದಿರಿ. ನೀವು ಸುಮ್ಮನೆ ತೋರಿಸಿದಿರಿ. ನಾನು ಸುಮ್ಮನೆ ನೋಡಲಿಲ್ಲ. ಪೂರ್ವದ ಮೂಲೆಯಲ್ಲಿ ಆ ಕಲ್ಲು ಕಟ್ಟಿದ ಬಾವಿ, ಅದರ ಮೇಲೆ ಬಾಗಿದ ಬೇವಿನ ಮರ, ಎಲ್ಲ ಇಲ್ಲಿಗೂ ನನ್ನ ಜೊತೆ ಬಂದಿವೆ. ಆ ಬಾವಿಯ ಪಕ್ಕದಲ್ಲಿ ಎರಡು ಅಂಕಣದ ಮನೆ ಕಟ್ಟಿದರೆ ಬಾಗಿಲು ಯಾವ ಕಡೆ ಇರಬೇಕು ಎಂದು ರೈಲಿನಲ್ಲಿ ಯೋಚಿಸುತ್ತ ಬಂದೆ.

ನಗಬೇಡಿ. ಗಂಡನ ಮನೆಯಲ್ಲಿ ಇದ್ದೆ, ಅವರು ಹೋದ ಮೇಲೆ ತವರಿನಲ್ಲಿ ಇದ್ದೆ, ಈಗ ಶಾಲೆ ಕಲಿಸುತ್ತ ಬೋರ್ಡಿಂಗಿನಲ್ಲಿ ಇದ್ದೇನೆ. ಎಲ್ಲಿಯೂ ಯಾರೂ ನನ್ನನ್ನು ಕೆಟ್ಟದಾಗಿ ನೋಡಿಕೊಂಡಿಲ್ಲ. ಆದರೂ ಯಾವ ಬಾಗಿಲನ್ನೂ ನನ್ನದು ಎಂದುಕೊಂಡು ಮುಚ್ಚಿಲ್ಲ. ಈ ವಯಸ್ಸಿನಲ್ಲಿ ಇದು ಆಸೆಯೋ ಹಟವೋ ನನಗೇ ತಿಳಿಯದು. ಕೂಡಿಟ್ಟದ್ದೆಲ್ಲ ಇದಕ್ಕೇ ಹೋಗುತ್ತದೆ, ಆಮೇಲೆ ಇನ್ನೊಂದು ಹೊಲ ಕೊಳ್ಳುವ ಶಕ್ತಿ ನನಗಿಲ್ಲ. ಆದ್ದರಿಂದ ಹೊಲದ ಹಕ್ಕು ಬಸವಂತ್ರಾಯರದ್ದೇ ಹೌದೋ ಅಲ್ಲವೋ ಹುಡುಕಿ ತಿಳಿಸುತ್ತೀರಾ? ಹೊಸ ವರ್ಷದೊಳಗೆ ತಿಳಿದರೆ ಉಪಕಾರ.

ಸುಗಲಮ್ಮ ಅತ್ತೆಯ ಮಂಡಿಗೆ ಎಣ್ಣೆ ಕಳಿಸುತ್ತೇನೆ.

ನಿಮ್ಮ
ಪಾರ್ವತಿ


ಸುರಪುರ
ದೀಪಾವಳಿ ಪಾಡ್ಯ, ಫಸಲಿ ೧೩೪೭ (ನವೆಂಬರ್ ೪, ೧೯೩೭)

ಚಿರಂಜೀವಿ ಪಾರವ್ವನಿಗೆ ಮಾಮಾನ ಆಶೀರ್ವಾದ. ಹಲ್ಲಿಗೆ ಲವಂಗ ಇಡು, ಡಾಕ್ಟರನ ಹತ್ತಿರ ಹೋಗಬೇಡ, ಕೀಳುತ್ತಾನೆ.

ಹುಡುಕಿದೆ! ಇಷ್ಟು ವರ್ಷ ತಹಶೀಲ ಕಚೇರಿಯಲ್ಲಿ ಕೂತು ಊರವರ ಕಾಗದ ಹುಡುಕಿ ಕೊಟ್ಟವನು, ಮೊದಲ ಸಲ ನಮ್ಮ ಮನೆಯ ಕೆಲಸಕ್ಕೆ ಹುಡುಕಿದೆ. ಪಟವಾರಿ ನನ್ನನ್ನು ಕಂಡ ಕೂಡಲೇ, "ಮರಿಲಿಂಗಪ್ಪನವ್ರ, ನೀವು ನೌಕರಿ ಬಿಟ್ರೂ ನೌಕರಿ ನಿಮ್ಮನ್ನ ಬಿಡವಲ್ದಲ್ರೀ" ಎಂದ. "ನೌಕರಿ ಅಲ್ಲೋ ಮಾರಾಯ, ನಮ್ಮ ಹುಡುಗಿಗೆ ಹೊಲ" ಎಂದೆ. "ಹುಡುಗಿ ಅಂದ್ರ ಯಾರ್ರೀ?" ಎಂದ. ನಿನ್ನ ಹೆಸರು ಹೇಳಿದೆ. ಅವನು ತಲೆ ಕೆರೆದುಕೊಂಡು, "ಇಂಗ್ಲೀಷ್ ಕಲ್ತಾಕಿ ಎರಿ ಮಣ್ಣಾಗ ಏನ್ ಮಾಡ್ತಾಳ್ರೀ, ಜೋಳಕ್ಕ ಎಬಿಸಿಡಿ ಹೇಳ್ಕೊಡ್ತಾಳೇನ?" ಎಂದ. ನಿಮ್ಮ ಅತ್ತಿಯೂ ಇದನ್ನೇ ಕೇಳುತ್ತಾಳೆ. ನನಗಂತೂ ಗೊತ್ತಾಗಿದೆ, ಮನೆ ಕಟ್ಟಿ ಬಾಡಿಗೆಗೆ ಕೊಡುವ ವಿಚಾರ ನಿನ್ನದು. ಜಾಣೆ.

ಈಗ ಕೇಳು. ಅಜ್ಜನ ಹೆಸರಿನ ಪಟ್ಟಾ ಸಿಕ್ಕಿತು. ಅಜ್ಜ ಹೋದ ಮೇಲೆ ಬಸವಂತ್ರಾಯನ ತಂದೆಯ ಹೆಸರಿಗೆ ಬಂದದ್ದು ಸಿಕ್ಕಿತು. ತಂದೆಯಿಂದ ಇವನಿಗೆ ಬಂದದ್ದೂ ಸಿಕ್ಕಿತು. ರಜಿಸ್ಟ್ರಿ ಕಚೇರಿಯಲ್ಲಿ ಹಳೆಯ ದಫ್ತರಗಳ ಧೂಳು ಕುಡಿದು ಎರಡು ದಿನ ಕೆಮ್ಮಿದೆ. ಒತ್ತೆ ಇಟ್ಟಿಲ್ಲ, ಜಪ್ತಿ ಇಲ್ಲ, ದಾವೆ ಇಲ್ಲ, ಬೇರೆಯವರಿಗೆ ಮಾರಿಲ್ಲ. ಕಚೇರಿಯ ಮುಂದೆ ಕೂತು ದಸ್ತಾವೇಜು ಬರೆಯುತ್ತಾನಲ್ಲ ಉಸ್ಮಾನಸಾಬ, ಅವನ ಕೈಯಲ್ಲಿ ಎಲ್ಲಕ್ಕೂ ಉರ್ದು ನಕಲು ಬರೆಸಿ, ಕೆಳಗೆ ಕನ್ನಡದಲ್ಲಿ ಸಾರಾಂಶ ನಾನೇ ಬರೆದಿದ್ದೇನೆ. ಗಂಟು ಇದರ ಜೊತೆ ಬರುತ್ತದೆ. ಹುಡುಕಿದ್ದೆಲ್ಲ ಸಿಕ್ಕಿತು, ತೊಡಕು ಒಂದೂ ಸಿಗಲಿಲ್ಲ.

ಇನ್ನು ನೀನು ಹೂಂ ಅನ್ನುವುದೊಂದೇ ಬಾಕಿ. ಸಂಕ್ರಾಂತಿಯೊಳಗೆ ರಜಿಸ್ಟ್ರಿ ಮಾಡಿಸಿಬಿಡೋಣ.

ಉಬ್ಬಿದ ಎದೆಯ
ಮಾಮಾ


ಹೈದರಾಬಾದ್
ನವೆಂಬರ್ ೨೧, ೧೯೩೭

ಪೂಜ್ಯ ಮಾಮಾ ಅವರಿಗೆ,

ಗಂಟು ತಲುಪಿತು. ಬಿಚ್ಚಿದಾಗ ಸುರಪುರದ ಧೂಳೂ ಒಂದಿಷ್ಟು ಹೊರಗೆ ಬಿತ್ತು. ಅದನ್ನು ಗುಡಿಸಲು ಮನಸ್ಸಾಗಲಿಲ್ಲ.

ನಮ್ಮ ಶಾಲೆಯ ಇಬ್ಬರು ಹುಡುಗಿಯರ ತಂದೆ ಜಲಾಲುದ್ದೀನ ಸಾಹೇಬರು ಜಮೀನಿನ ಮೊಕದ್ದಮೆಗಳಲ್ಲಿ ಹೆಸರಾದ ವಕೀಲರು. ಅವರಿಗೆ ತೋರಿಸಿದೆ. ಒಂದೊಂದೇ ಕಾಗದ ತಿರುವಿ, "ಹುಡುಕಿದವರು ಯಾರು? ಇಷ್ಟು ಚೊಕ್ಕ ಕೆಲಸ ಹೈದರಾಬಾದಿನಲ್ಲೂ ಆಗುವುದಿಲ್ಲ" ಎಂದರು. ನನ್ನ ತಾಯಿಯ ತಮ್ಮ ಎಂದು ಹೇಳಿದಾಗ ನನಗೆ ಹೆಮ್ಮೆಯಾಯಿತು. ಆಮೇಲೆ ಅವರು ಕನ್ನಡಕ ತೆಗೆದಿಟ್ಟು, "ಹುಡುಕುವುದು ಮುಗಿಯಿತು. ಪರೀಕ್ಷೆ ಯಾರು ಮಾಡಿದ್ದಾರೆ?" ಎಂದು ಕೇಳಿದರು.

ಎರಡೂ ಒಂದೇ ಎಂದು ನಾನು ತಿಳಿದಿದ್ದೆ. ಅವರು ವಿವರಿಸಿದ ಮೇಲೆ ನನ್ನ ಕೆಲಸದಿಂದಲೇ ನನಗೆ ಅರ್ಥವಾಯಿತು. ಬೆಳಗ್ಗೆ ನಾನು ಹಾಜರಿ ಕೂಗುತ್ತೇನೆ. ಪುಸ್ತಕದಲ್ಲಿ ಹೆಸರಿರುವವರೆಲ್ಲ ಬಂದಿದ್ದಾರೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದೆ. ಯಾರಿಗೆ ಏನು ಬರುತ್ತದೆ ಎನ್ನುವುದು ಹಾಳೆ ತಿದ್ದಲು ಕೂತಾಗಲೇ ತಿಳಿಯುವುದು. ಇನ್ನೂ ಒಂದಿದೆ. ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗಿಯೊಬ್ಬಳು ಬಾಗಿಲಾಚೆ ನಿಂತಿದ್ದರೆ ಹಾಜರಿ ಅದನ್ನು ಹೇಳುವುದಿಲ್ಲ. ಎದ್ದು ಹೋಗಿ ಬಾಗಿಲು ತೆಗೆದು ನೋಡಬೇಕು.

ವಕೀಲರ ಪ್ರಶ್ನೆಗಳು ಹೀಗಿವೆ. ಅಜ್ಜನಿಗೆ ಬಸವಂತ್ರಾಯರ ತಂದೆ ಒಬ್ಬರೇ ಮಗುವೇ? ಹೆಣ್ಣುಮಕ್ಕಳು ಇದ್ದರೇ? ಇದ್ದರೆ ಅವರಿಗೆ ಬಾಯಿಮಾತಿನಲ್ಲಿ ಏನಾದರೂ ಕೊಟ್ಟದ್ದು ಉಂಟೇ? ಸುಗ್ಗಿಯಲ್ಲಿ ಆ ಹೊಲದ ರಾಶಿ ಒಂದೇ ಮನೆಗೆ ಹೋಗುತ್ತದೆಯೇ? ಕಾಗದ ಹಿಡಿದು ಹೊಲದಲ್ಲಿ ನಿಂತು ಅಕ್ಕಪಕ್ಕದವರನ್ನು ಕೇಳಿದ್ದೀರಾ?

ದಯವಿಟ್ಟು ಇನ್ನೊಮ್ಮೆ ಹೋಗಿ ಕೇಳಿ, ಮಾಮಾ. ಅದಾಗುವವರೆಗೆ ರಜಿಸ್ಟ್ರಿ ಬೇಡ.

ನಿಮ್ಮ
ಪಾರ್ವತಿ


ಸುರಪುರ
ನವೆಂಬರ್ ೨೯, ೧೯೩೭

ಹೈದರಾಬಾದಿನ ಹೆಡ್‌ಮಿಸ್ಟ್ರೆಸ್ ಶ್ರೀಮತಿ ಪಾರ್ವತೆಮ್ಮನವರ ಸನ್ನಿಧಿಗೆ,

ತಮ್ಮ ಪತ್ರ ತಲುಪಿತು. ತಮ್ಮ ವಕೀಲರು ನನಗೆ ಪಾಸು ಮಾರ್ಕು ಕೊಟ್ಟದ್ದು ತಿಳಿದು ಧನ್ಯನಾದೆ. ಬಾಗಿಲಾಚೆ ನಿಂತ ಹುಡುಗಿಯರನ್ನು ಹುಡುಕುವುದು ನನ್ನ ವಯಸ್ಸಿಗೆ ಶೋಭಿಸುವುದಿಲ್ಲ.

ನಿಜಾಮ ಸರ್ಕಾರದ ಮೊಹರು ಇರುವ ಕಾಗದ ಕೈಯಲ್ಲಿ ಹಿಡಿದು, ಬದುವಿನ ಮೇಲೆ ಕೂತವರನ್ನು "ಈ ಹೊಲ ಯಾರದ್ರೀ" ಎಂದು ಕೇಳಿದರೆ ಜನ ನನ್ನ ಮುಖಕ್ಕೇ ನಗುತ್ತಾರೆ. ಬಸವಂತ್ರಾಯನ ತಂದೆಗೆ ಗಂಡು ಒಡಹುಟ್ಟು ಯಾರೂ ಇಲ್ಲ. ಇಷ್ಟು ಸಾಕು.

ಇತಿ,
ಮರಿಲಿಂಗಪ್ಪ
ನಿವೃತ್ತ ಅಹಲ್ಕಾರ, ತಹಶೀಲ ಕಚೇರಿ


ಹೈದರಾಬಾದ್
ಡಿಸೆಂಬರ್ ೧೯, ೧೯೩೭

ಪೂಜ್ಯ ಮಾಮಾ ಅವರಿಗೆ,

ನಾನು ಬರೆದ ಎರಡು ಕಾರ್ಡುಗಳಿಗೆ ಉತ್ತರ ಬರಲಿಲ್ಲ. ಅತ್ತೆಗೆ ಕಳಿಸಿದ ಎಣ್ಣೆ ಮುಟ್ಟಿತೋ ಇಲ್ಲವೋ ಅದೂ ತಿಳಿಯಲಿಲ್ಲ. ನಿಮ್ಮ ಹಿಂದಿನ ಪತ್ರದ ಕೊನೆಯಲ್ಲಿದ್ದ ಹೆಸರನ್ನು ತುಂಬ ಹೊತ್ತು ನೋಡಿದೆ. ನನಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದು ಇದೇ ಮೊದಲು.

ನಾನು ಬರೆದ ರೀತಿ ಸರಿಯಿರಲಿಲ್ಲವೇನೋ. ನಾನು ಕಲಿತ ಶಾಲೆಯಲ್ಲಿ ಮೇಡಮ್ಮರು ಇಂಗ್ಲೀಷಿನಲ್ಲಿ ಪ್ರಶ್ನೆ ಕೇಳುವುದನ್ನು ಕಲಿಸಿದರು. ಮನೆಯವರನ್ನು ಹೇಗೆ ಕೇಳಬೇಕು ಎನ್ನುವುದು ಆ ಪಾಠದಲ್ಲಿ ಇರಲಿಲ್ಲ. ಪ್ರಶ್ನೆ ಹೊಲದ ಮೇಲೆ ಎಂದು ನಾನು ತಿಳಿದೆ, ಅದು ನಿಮ್ಮ ಮೇಲೆ ಬಿತ್ತು.

ಒಂದು ಸಂಗತಿ ನಿಮ್ಮಿಂದ ಮುಚ್ಚಿಟ್ಟಿದ್ದೆ. ಇಲಾಖೆಯವರು ನನ್ನನ್ನು ಔರಂಗಾಬಾದಿಗೆ ಇನ್‌ಸ್ಪೆಕ್ಟ್ರೆಸ್ ಮಾಡಿ ಕಳಿಸುವ ವಿಚಾರದಲ್ಲಿದ್ದಾರೆ. ಬೇಡವೆಂದರೆ ಸುರಪುರದ ಹೆಣ್ಣುಮಕ್ಕಳ ಶಾಲೆ ಖಾಲಿ ಇದೆ. ದರ್ಜೆ ಕಡಿಮೆ, ಊರು ನಮ್ಮದು. ಜನವರಿ ಮಧ್ಯದೊಳಗೆ ಯಾವುದೆಂದು ಬರೆದು ಕೊಡಬೇಕು. ನೀವು ಬಾಡಿಗೆಗೆ ಎಂದುಕೊಂಡಿದ್ದೀರಿ. ಆ ಬಾಗಿಲು ನಾನೇ ಒಳಗಿನಿಂದ ಹಾಕಿಕೊಳ್ಳುವ ಬಾಗಿಲು, ಮಾಮಾ. ಹೊಲ ಇದ್ದರೆ ಬರುತ್ತೇನೆ. ಇಲ್ಲದಿದ್ದರೆ ನಿಮ್ಮ ಪಡಸಾಲೆಯಲ್ಲಿ ನಂಟರಂತೆ ಇರಲು ಬರಲಾರೆ, ಔರಂಗಾಬಾದಿಗೆ ಹೋಗುತ್ತೇನೆ. ಇದನ್ನು ಮೊದಲೇ ಹೇಳಿದ್ದರೆ ನೀವು ಸಂತೋಷದಲ್ಲಿ ಕಣ್ಣು ಮುಚ್ಚಿ ರಜಿಸ್ಟ್ರಿ ಮಾಡಿಸಿಬಿಡುತ್ತಿದ್ದಿರಿ. ಆ ಭಯಕ್ಕೆ ಹೇಳಲಿಲ್ಲ.

ಸಿಟ್ಟಿನಲ್ಲಾದರೂ ಎರಡು ಸಾಲು ಬರೆಯಿರಿ.

ನಿಮ್ಮ
ಪಾರು


ಸುರಪುರ
ಜನವರಿ ೩, ೧೯೩೮

ನಮ್ಮ ಪಾರವ್ವನಿಗೆ,

ಎಣ್ಣೆ ಮುಟ್ಟಿತು. ನಿಮ್ಮ ಅತ್ತಿ ಅದನ್ನು ಹಚ್ಚಿಕೊಂಡೇ ನನ್ನನ್ನು ದಿನಾ ಬೈದಳು. "ಹುಡುಗಿ ಒಂದು ಮಾತು ಕೇಳಿದ್ರ ಇಷ್ಟು ಉರಿಯಾಕ ನೀವೇನು ಕಂದೀಲೇನ್ರೀ?" ಎಂದಳು. ನಿನ್ನ ಪತ್ರ ಓದಿಸಿಕೊಂಡ ಮೇಲಂತೂ ಮಾತು ಬಿಟ್ಟು ಬರೀ ಪಾತ್ರೆ ಕುಕ್ಕಿದಳು. ಅದು ಬೈಗುಳಕ್ಕಿಂತ ಜೋರು.

ನಾನು ಒಂದು ಉಪಾಯ ಮಾಡಿದ್ದೆ, ನಿನಗೆ ಬರೆದಿರಲಿಲ್ಲ. ಕಾಗದ ನಮ್ಮ ಹತ್ತಿರ ಇದೆ, ಇನ್ನು ಕಬ್ಜಾ ತೋರಿಸಿದರೆ ನಿನ್ನ ವಕೀಲರ ಬಾಯಿ ಮುಚ್ಚುತ್ತದೆ ಎಂದುಕೊಂಡೆ. ಎಳ್ಳಮವಾಸೆಯ ದಿನ ಹೊಲದಲ್ಲಿ ಎಡೆ ಎರಚಿ ಚರಗ ಚೆಲ್ಲಿದವನೇ ಆ ಹೊಲದವನು ಎಂದು ಊರು ತಿಳಿಯುತ್ತದೆ. ನಿನ್ನ ಹೆಸರು ಹೇಳಿ ನಾನೇ ಚೆಲ್ಲಿಬಿಟ್ಟರೆ, ನಾಳೆ ಯಾರೇ ಕೇಳಿದರೂ "ಈ ವರ್ಷ ಪಾರ್ವತೆಮ್ಮನ ಕಡೆಯವರು ಚರಗ ಚೆಲ್ಲಿದ್ರು" ಎನ್ನುತ್ತಾರೆ. ಎಂಥಾ ಪರೀಕ್ಷೆಗೂ ಉತ್ತರ ಆಯಿತಲ್ಲ!

ಬೆಳಗ್ಗೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಎಳ್ಳು ಹೋಳಿಗೆ, ಕಡುಬು ಎಲ್ಲ ಕಟ್ಟಿಕೊಂಡು ಬಂಡಿಯಲ್ಲಿ ದೇವಾಪುರಕ್ಕೆ ಹೋದೆವು. ಜೋಳ ಆಳೆತ್ತರ ನಿಂತಿತ್ತು. ನಿಮ್ಮ ಅತ್ತಿ ಮಂಡಿ ಹಿಡಿದುಕೊಂಡು ಬಂಡಿಯ ನೆರಳಲ್ಲೇ ಕೂತಳು. ಚರಗ ಚೆಲ್ಲುವಾಗ ಮುಂದಿನವನು ಕೂಗಬೇಕು, ಹಿಂದಿನವನು ಉತ್ತರ ಕೊಡಬೇಕು, ಗೊತ್ತಲ್ಲ. ನನಗೆ ಹಿಂದೆ ಯಾರೂ ಇಲ್ಲ. ಆದದ್ದಾಗಲಿ ಎಂದು ಪಶ್ಚಿಮದ ಬದುವಿನಲ್ಲಿ ನಿಂತು ಬುಟ್ಟಿಯಿಂದ ಒಂದು ಹಿಡಿ ತೆಗೆದು, "ಹುಲ್ಲುಲ್ಲಿಗೋ!" ಎಂದು ಕೂಗಿದೆ.

ಬಾವಿಯ ಕಡೆಯಿಂದ, ಜೋಳದ ಆಚೆಯಿಂದ, "ಚಲ್ಲಂಬರಿಗೋ!" ಎಂದು ಬಂತು.

ನಾನು ನಿಂತೆ. ಮತ್ತೆ ಕೂಗಿದೆ. ಮತ್ತೆ ಬಂತು, ಈ ಸಲ ಇನ್ನೂ ಜೋರಾಗಿ. ನಿಮ್ಮ ಅತ್ತಿ ಬಂಡಿಯಿಂದಲೇ, "ಏನ್ರೀ, ದೆವ್ವ ಏನ್ರೀ?" ಎಂದಳು. "ದೆವ್ವ ಚರಗ ಚೆಲ್ತಾವೇನ, ಸುಮ್ ಕೂಡು" ಎಂದು ಹೇಳಿ, ಜೋಳ ಸರಿಸಿ ಹೋದೆ. ಬೇವಿನ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮುಗಿದಿತ್ತು. ನನಗಿಂತ ಹಿರಿಯಳಾದ ಹೆಂಗಸೊಬ್ಬಳು ಬುಟ್ಟಿ ಹಿಡಿದು ನಿಂತಿದ್ದಳು.

"ಯಾರಬೇ ನೀ?" ಎಂದೆ.

"ನಮ್ಮ ಹೊಲದಾಗ ಬಂದು ನನ್ನ ಯಾರಂತ ಕೇಳ್ತಿ, ನೀ ಯಾರಪ್ಪ?"

"ಇದು ಬಸವಂತ್ರಾಯನ ಹೊಲ."

"ಬಸವಂತ್ರಾಯನ ಮೂಗು ಒರೆಸಿ ದೊಡ್ಡಾಂವನ ಮಾಡಿದಾಕಿ ನಾ. ಅವರಪ್ಪಗ ಅಕ್ಕ. ಹತ್ತಿಕುಣಿ ತಿಮ್ಮವ್ವ. ಬಾವಿ ಮೂಲಿ ನಂದು, ಉಳಿದದ್ದು ಅವಂದು."

"ಕಾಗದದಾಗ ನಿನ್ನ ಹೆಸರ ಇಲ್ಲಲ್ಲಬೇ!"

"ಕಾಗದದಾಗ ಬಾವ್ಯಾಗಿನ ನೀರೂ ಇಲ್ಲ. ಕುಡಿಯಾಕತ್ತಿಲ್ಲೇನು ಜನ?"

ಪಾರವ್ವ, ಅಷ್ಟು ಕಚೇರಿ ಕಂಡ ನಾನು ಬುಟ್ಟಿ ಕೆಳಗಿಟ್ಟು ಅವಳ ಮಾತು ಕೇಳಲು ಕೂತೆ.

ಮದುವೆಯ ದಿನ ಅವಳ ಅಪ್ಪ ಈ ಮೂಲೆಯ ಮಣ್ಣು ತಂದು ಅವಳ ಉಡಿಯಲ್ಲಿ ಹಾಕಿ, ಇದು ನಿನ್ನ ಅರಿಷಿಣ ಕುಂಕುಮಕ್ಕೆ ಎಂದನಂತೆ. ಅಂದಿನಿಂದ ಈ ಮೂಲೆಯ ಜೋಳ ಸುಗ್ಗಿಗೆ ಹತ್ತಿಕುಣಿಗೆ ಹೋಗುತ್ತದೆ. ಪ್ರತಿ ಎಳ್ಳಮವಾಸೆಗೆ ಅವಳೇ ಬಂಡಿ ಕಟ್ಟಿಸಿಕೊಂಡು, ಯಾದಗಿರಿ ಹಾಯ್ದು, ಭೀಮಾ ದಾಟಿ, ದಾರಿಯಲ್ಲಿ ಶಹಾಪುರದಲ್ಲಿ ಮಲಗಿ, ಇಲ್ಲಿಗೆ ಬಂದು ಚರಗ ಚೆಲ್ಲುತ್ತಾಳೆ. ಈ ಸಲ ದಾರಿಯಲ್ಲಿ ಬಸವಂತ್ರಾಯನ ಮನೆಯಲ್ಲೇ ಉಂಡು ಬಂದಿದ್ದಾಳೆ! ಅವನು ಹೊಲ ಮಾರುವ ಮಾತೇ ಎತ್ತಿಲ್ಲ. ಎಷ್ಟೋ ವರ್ಷದಿಂದ ಹೀಗೆ ನಡೆದಿದೆ. ಯಾವ ದಫ್ತರದಲ್ಲೂ ಇಲ್ಲ. ಹುಡುಕಿದಾಗ ಇವಳು ನನಗೆ ಸಿಗುವುದು ಹೇಗೆ? ಹೊಲದಲ್ಲಿ ಬಂದು ನಿಂತು ಕೂಗಿದೆ, ಓಗೊಟ್ಟಳು. ನಿನ್ನ ವಕೀಲರಿಗೆ ನನ್ನ ಸಲಾಂ ಹೇಳು.

ಆಮೇಲೆ ಎಲ್ಲ ಕೂಡಿ ಉಂಡೆವು. ಅವಳ ಭಜ್ಜಿ ನಮ್ಮದಕ್ಕಿಂತ ಚೆನ್ನಾಗಿತ್ತು, ಇದನ್ನು ನಿಮ್ಮ ಅತ್ತಿಗೆ ಓದಿ ಹೇಳುವುದಿಲ್ಲ.

ನಿನ್ನೆ ಶಹಾಪುರಕ್ಕೆ ಹೋಗಿ ಬಸವಂತ್ರಾಯನನ್ನು ಹಿಡಿದೆ. "ಯಾಕೋ, ಬಾವಿ ಮೂಲಿ ನಿಮ್ಮ ಅತ್ತಿದು ಅಂತ ಹೇಳಬಾರದಾ?" ಎಂದೆ. ಅವನು ಹತ್ತಿಯ ಅಂಡಿಗೆಯ ಮೇಲೆ ಕೂತು ಬೆರಗಾಗಿ, "ಅದರಾಗ ಹೇಳೋದೇನೈತ್ರೀ, ಅದು ಅತ್ತಿದು ಅಂತ ಎಲ್ಲಾರಿಗೂ ಗೊತ್ತೈತಲ್ರೀ. ನೀವು ಕಾಗದ ಕೇಳಿದ್ರಿ, ಕಾಗದ ಕೊಟ್ಟೆ. ಅತ್ತಿದು ಬಿಟ್ಟೇ ಮಾರ್ತೀನಿ ಅಂತ ನಿಮಗ ತಿಳಿದಿರ್ತದ ಅಂದ್ಕೊಂಡೆ" ಎಂದ. ಮೋಸ ಇಲ್ಲ ಅವನಲ್ಲಿ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಯಾರೂ ಬರೆದು ಕೊಡುವುದಿಲ್ಲವಲ್ಲ, ಹಾಗೆ.

ಈಗ ಕಷ್ಟದ ಮಾತು. ನೀನು ಬಯಸಿದ್ದು ಬಾವಿ. ಬಾವಿ ಇರುವುದು ಅವಳ ಮೂಲೆಯಲ್ಲಿ. ಕೊಳ್ಳುವವಳು ಶಾಲೆ ಕಲಿಸುವ ಹೆಣ್ಣುಮಗಳು ಎಂದು ಕೇಳಿ ತಿಮ್ಮವ್ವ, "ಒಬ್ಬಾಕಿನ? ಸ್ವಂತ ದುಡಿದು ತಗೊಳ್ಳಾಕತ್ತಾಳ? ಹಂಗಾದ್ರ ತರ್ರೀ ಕಾಗದ, ಹೆಬ್ಬೆಟ್ಟು ಒತ್ತಿ ಬಿಟ್ಟು ಕೊಡ್ತೀನಿ. ನನ್ನ ಮೊಣಕಾಲು ಮುಂದಿನ ವರ್ಷ ಬರ್ತಾವೋ ಇಲ್ಲೋ" ಎಂದಳು. ಉಸ್ಮಾನಸಾಬ ಅಂಥ ಕಾಗದ ಒಂದು ಹೊತ್ತಿನಲ್ಲಿ ಬರೆದು ಕೊಡುತ್ತಾನೆ. ಬರೆಸಲೋ? ಔರಂಗಾಬಾದಿಗೆ ಹೋಗು ಎಂದು ನಾನು ಹೇಳಲಾರೆ. ಪರೀಕ್ಷೆ ಮಾಡುವವಳು ನೀನು, ನೀನೇ ಹೇಳು.

ಪೂರ್ತಿ ಹೆಸರು ಬರೆಯದ
ಮಾಮಾ


ಹೈದರಾಬಾದ್
ಜನವರಿ ೧೦, ೧೯೩೮

ಪ್ರೀತಿಯ ಮಾಮಾ,

ಜೋಳದ ಆಚೆಯಿಂದ ಬಂದ ಉತ್ತರದವರೆಗೆ ಓದುವಷ್ಟರಲ್ಲಿ ನಾನು ಎಷ್ಟು ನಕ್ಕೆ ಎಂದರೆ, ಬೋರ್ಡಿಂಗಿನ ಹುಡುಗಿಯರು ಬಾಗಿಲಲ್ಲಿ ಗುಂಪುಗೂಡಿದರು. ನಾನು ನಗುವುದನ್ನು ಅವರು ನೋಡಿರಲಿಲ್ಲವಂತೆ. ಅವರಿಗೆ ಎಲ್ಲವನ್ನೂ ಓದಿ ಹೇಳಬೇಕಾಯಿತು. ಈಗ ಊಟದ ಗಂಟೆಗೆ ಒಬ್ಬಳು ಕೂಗುತ್ತಾಳೆ, ಇನ್ನೊಬ್ಬಳು ಓಗೊಡುತ್ತಾಳೆ, ಶಿಸ್ತು ಹಾಳಾಗಿದೆ.

ಆಮೇಲೆ ಹೆಬ್ಬೆಟ್ಟಿನ ಮಾತಿಗೆ ಬಂದೆ. ನಿಮ್ಮಲ್ಲಿ ಏನು ಮುಚ್ಚಿಡಲಿ? "ಬರೆಸಿಬಿಡಿ" ಎಂದು ಒಂದು ಕಾರ್ಡು ಬರೆದೆ. ವಿಳಾಸವನ್ನೂ ಬರೆದೆ. ಅಂಚೆಗೆ ಹಾಕುವ ಮೊದಲು ಜಲಾಲುದ್ದೀನ ಸಾಹೇಬರನ್ನು ಕೇಳಿದೆ. "ಆಕೆ ಮನಸಾರೆ ಬಿಟ್ಟುಕೊಟ್ಟರೆ ನಿಮ್ಮ ಹಕ್ಕು ಗಟ್ಟಿ, ಕಾನೂನಿಗೆ ಇನ್ನೇನೂ ಬೇಕಿಲ್ಲ" ಎಂದರು. ಬಾಗಿಲವರೆಗೆ ಕಳಿಸಲು ಬಂದು, "ಕಾನೂನಿನ ಪರೀಕ್ಷೆ ಇಲ್ಲಿಗೆ ಮುಗಿಯಿತು, ಬೇಗಂ ಸಾಹೇಬಾ" ಎಂದರು. ಉಳಿದ ಪರೀಕ್ಷೆ ಯಾರದೆಂದು ಅವರು ಹೇಳಲಿಲ್ಲ.

ಬರುವ ದಾರಿಯಲ್ಲಿ ನನ್ನನ್ನೇ ಕೇಳಿಕೊಂಡೆ. ನನ್ನ ಮದುವೆಯಲ್ಲಿ ನನಗೆ ಹಿತ್ತಾಳೆಯ ಕೊಡ, ಪರಾತ, ಎರಡು ಇಲಕಲ್ಲ ಸೀರೆ ಬಂದವು. ಯಾರಾದರೂ ಉಡಿಯಲ್ಲಿ ಒಂದು ಹಿಡಿ ಮಣ್ಣು ಹಾಕಿ, ಇದು ನಿನ್ನದು ಎಂದಿದ್ದರೆ? ನಾನು ಅದಕ್ಕಾಗಿ ಬಂಡಿ ಹತ್ತಿ ಭೀಮಾ ದಾಟಿ ವರ್ಷ ವರ್ಷ ಬರುತ್ತಿದ್ದೆನೋ ಇಲ್ಲವೋ? ಬರುತ್ತಿದ್ದೆ ಎಂದೇ ಅನಿಸುತ್ತದೆ. ಅಂಥದನ್ನು ಆಕೆ ಒಂದೇ ಮಾತಿನಲ್ಲಿ ನನಗೆ ಕೊಡಲು ಹೊರಟಿದ್ದಾಳೆ, ನನ್ನ ಮುಖ ಕೂಡ ನೋಡದೆ. ಹಾಗೆ ಕೊಡುವವಳಿಂದ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ನನಗೊಂದು ಬಾಗಿಲು ಬೇಕೆಂದು ಆಕೆಯ ಬಾಗಿಲು ಮುಚ್ಚಿಸಲೇ?

ಕಾರ್ಡು ಹರಿದು ಹಾಕಿದೆ. ಈಗ ಹೀಗೆ ಮಾಡಿ. ಬಾವಿ ಮೂಲೆಯನ್ನು ಬಸವಂತ್ರಾಯರು ಮೊದಲು ತಮ್ಮ ಸೋದರತ್ತೆಯ ಹೆಸರಿಗೆ ರಜಿಸ್ಟ್ರಿ ಮಾಡಿಕೊಡಲಿ. ಉಳಿದ ಹೊಲ ನಾನು ಕೊಳ್ಳುತ್ತೇನೆ. ನನ್ನ ದಸ್ತಾವೇಜಿನ ಚಕ್ಕುಬಂದಿಯಲ್ಲಿ ಪೂರ್ವದ ಎಲ್ಲೆಗೆ ಆಕೆಯ ಹೆಸರು ಬರೆಸಿ. ನೀರಿನ ಮಾತನ್ನು ಆಕೆಯನ್ನೇ ಕೇಳಿ. ಆಕೆ ಬೇಡವೆಂದರೆ ನಾನು ಬೇರೆ ಬಾವಿ ತೋಡಿಸುವಷ್ಟು ದಿನ ಹಳ್ಳದ ನೀರು ತರುತ್ತೇನೆ.

ಇಲಾಖೆಗೆ ನಿನ್ನೆಯೇ ಉತ್ತರ ಕೊಟ್ಟೆ. ಸುರಪುರ ಎಂದು ಬರೆದೆ. ನಿಮ್ಮ ಉತ್ತರಕ್ಕೆ ಕಾಯದೆ ಬರೆದುಬಿಟ್ಟದ್ದು ನನ್ನ ಸ್ವಭಾವಕ್ಕೆ ಹೊಸದು. ಹೆದರಿಕೆಯಾಗಬೇಕಿತ್ತು. ಹಸಿವಾಯಿತು.

ನಿಮ್ಮ
ಪಾರು


ಸುರಪುರ
ಫೆಬ್ರವರಿ ೧೪, ೧೯೩೮

ಹೊಲದ ಒಡತಿ ಪಾರವ್ವನಿಗೆ,

ಆಯಿತು! ಇವತ್ತು ಎರಡೂ ರಜಿಸ್ಟ್ರಿ ಮುಗಿದವು. ಕಾಗದ ಒಣಗಿಸಿ ಪೆಟ್ಟಿಗೆಯಲ್ಲಿ ಇಟ್ಟು ಇದನ್ನು ಬರೆಯಾಕತ್ತೇನಿ. ನೋಡು, ಸಂತೋಷಕ್ಕೆ ಬರವಣಿಗೆಯೂ ಬಾಯಿಮಾತಿಗೆ ಇಳಿಯಿತು.

ತಿಮ್ಮವ್ವ ಮತ್ತೆ ಬಂಡಿ ಕಟ್ಟಿಸಿಕೊಂಡು ಬಂದಳು, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಹಸಿರು ಸೀರೆ ಉಟ್ಟುಕೊಂಡು. ಕಚೇರಿಯ ಕಟ್ಟೆಯ ಮೇಲೆ ಉಸ್ಮಾನಸಾಬ ನಿನ್ನ ದಸ್ತಾವೇಜು ಉರ್ದುವಿನಲ್ಲಿ ಓದಿದ. ಅವಳು ಕೈ ಎತ್ತಿ, "ಸಾಬ್ರ, ನಮ್ಮ ಮಾತಿನಾಗ ಓದ್ರೀ, ನಂದೇನೈತಿ ಕೇಳಬೇಕು" ಎಂದಳು. ಅವನು ಕನ್ನಡದಲ್ಲಿ ಹೇಳಿದ: ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಸಾಬಣ್ಣನ ಹೊಲ, ದಕ್ಷಿಣಕ್ಕೆ ಹಳ್ಳ, ಪೂರ್ವಕ್ಕೆ ಹತ್ತಿಕುಣಿ ತಿಮ್ಮವ್ವನ ಬಾವಿ.

"ಮತ್ತೊಮ್ಮಿ ಓದ್ರೀ."

ಅವನು ಮತ್ತೆ ಓದಿದ.

"ಪೂರ್ವಕ್ಕ ಅಷ್ಟ ಓದ್ರೀ, ಉಳಿದದ್ದು ಬ್ಯಾಡ."

ಓದಿದ. ಕಟ್ಟೆಯ ಮೇಲಿದ್ದವರೆಲ್ಲ ನಗಲು ಸುರು ಮಾಡಿದರು. ಬಸವಂತ್ರಾಯ ನಾಚಿಕೊಂಡು, "ಅತ್ತೀ, ಸಾಕಬೇ, ಸಾಹೇಬ್ರು ಕಾಯಾಕತ್ತಾರ" ಎಂದ. ಅವಳು ಅವನ ಕಡೆ ತಿರುಗಿ, "ಕಾಯ್ಲಿ. ಇಷ್ಟು ವರ್ಷ ನಾ ಕಾಯ್ದಿಲ್ಲೇನು?" ಎಂದಳು. ಆಗ ಮಾತ್ರ ಯಾರೂ ನಗಲಿಲ್ಲ. ಆಮೇಲೆ ಅವಳೇ ಮೊದಲು ನಕ್ಕಳು.

ಅವಳ ದಸ್ತಾವೇಜಿನಲ್ಲಿ ಪಶ್ಚಿಮಕ್ಕೆ ನಿನ್ನ ಹೆಸರಿದೆ. ಅದನ್ನೂ ಓದಿಸಿಕೊಂಡಳು. "ಆಕಿ ಕಾಗದದಾಗ ನಾ, ನನ್ನ ಕಾಗದದಾಗ ಆಕಿ. ಇನ್ನ ಇಬ್ಬರೂ ಎಲ್ಲಿ ಹೋಗ್ತೀವಿ?" ಎಂದಳು. ನೀರಿನ ಮಾತು ಕೇಳಿದ್ದಕ್ಕೆ ನನ್ನನ್ನು ಬೈದಳು. "ನೀರು ಕೇಳ್ತಾರೇನೋ ಯಾರರೆ? ಕೊಡ ತಗೊಂಡು ಹೋಗಬೇಕು, ಸೇದಬೇಕು." ಆದರೂ ನಾನು ಅದನ್ನು ಉಸ್ಮಾನಸಾಬನ ಕೈಯಲ್ಲಿ ಬರೆಸಿದೆ: ಬಾವಿಯ ನೀರು ಇಬ್ಬರಿಗೂ. ಹೆಬ್ಬೆಟ್ಟು ಒತ್ತುವಾಗ ಮಸಿ ಹೆಚ್ಚಾಗಿ ಅರ್ಧ ಹಾಳೆ ಕಪ್ಪಾಯಿತು. ಅದು ಅವಳ ಸಹಿ, ಒರೆಸಬೇಡಿ ಎಂದೆ.

ಎಲ್ಲಾರಿಗೂ ಗೊತ್ತಿದ್ದದ್ದನ್ನು ಬರೆಸಲು ಇಷ್ಟು ಓಡಾಟವಾಯಿತು. ನನ್ನ ನೌಕರಿಯಲ್ಲಿ ಇಂಥ ಕಾಗದ ಒಂದನ್ನೂ ನಾನು ಹುಡುಕಿ ಕೊಟ್ಟಿರಲಿಲ್ಲ. ಇದನ್ನು ಮುಂದೆ ಯಾರಾದರೂ ಹುಡುಕುತ್ತಾರೆ, ಸಿಗುತ್ತದೆ.

ಬೇಗ ಬಾ. ಬಾಗಿಲು ಯಾವ ಕಡೆ ಎಂದು ಬಡಿಗ ಕೇಳುತ್ತಿದ್ದಾನೆ.

ಮಾಮಾ


ದೇವಾಪುರ
ಎಳ್ಳಮವಾಸೆ, ಡಿಸೆಂಬರ್ ೨೧, ೧೯೩೮
ಬೆಳಗ್ಗೆ

ಮಾಮಾ,

ಹಳ್ಳದಾಚೆಯ ಬಂಡಿಯವನು ಸುರಪುರಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಚೀಟಿ. ತಿಮ್ಮವ್ವ ನಿನ್ನೆ ಸಂಜೆಯೇ ಬಂದು ಇಳಿದಳು. ಮೊಣಕಾಲು ಬಂದವು.

ಬಾಗಿಲಲ್ಲಿ ನಿಂತು ಅವಳು ಹೇಳಿದ ಮೊದಲ ಮಾತು, "ಮನಿ ಹುಡುಕೋದು ಸುಲಭ ಆತವ್ವ. ಈಗ ತಡಿ, ನೋಡ್ತೀನಿ" ಎಂದು. ಆಮೇಲೆ ಗೋಡೆ ತಟ್ಟಿದಳು, ಒಲೆಯ ಮುಂದೆ ಕೂತು ಊದಿ ಹೊಗೆ ಯಾವ ಕಡೆ ಹೋಗುತ್ತದೆ ನೋಡಿದಳು, ಜೋಳದ ಗಡಿಗೆಯಲ್ಲಿ ಕೈ ಹಾಕಿ ನುಸಿ ಇದೆಯೇ ಎಂದು ಪರೀಕ್ಷಿಸಿದಳು. ನನ್ನ ಇಂಗ್ಲೀಷ್ ಪುಸ್ತಕಗಳನ್ನು ಒಂದೊಂದೇ ತೆಗೆದು ಧೂಳು ಕೊಡವಿದಳು. ಕೊನೆಗೆ ಬಾಗಿಲನ್ನು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು, "ಕಿರ್ರಂತೈತಿ, ಎಣ್ಣಿ ಹಾಕು. ಉಳಿದದ್ದು ಬರೋಬ್ಬರಿ ಐತಿ" ಎಂದಳು. ಇಷ್ಟು ಕಠಿಣ ಪರೀಕ್ಷೆಯಲ್ಲಿ ನಾನು ಹಿಂದೆಂದೂ ಪಾಸಾಗಿರಲಿಲ್ಲ.

ಬಾಗಿಲು ಪೂರ್ವಕ್ಕೆ ಇಟ್ಟದ್ದು ಒಳ್ಳೆಯದಾಯಿತು. ಒಳಗೆ ಕೂತರೂ ಅವಳ ಬಾವಿ ಕಾಣುತ್ತದೆ.

ಭಜ್ಜಿ ಅವಳು ಮಾಡುತ್ತಿದ್ದಾಳೆ. ಅತ್ತೆಗೆ ನಾನು ಮಾಡಿದೆ ಎಂದೇ ಹೇಳಿ. ಇಬ್ಬರೂ ಬೇಗ ಬನ್ನಿ. ಈ ಸಲ ಮುಂದೆ ನಾನು ಕೂಗುತ್ತೇನೆ. ಹಿಂದಿನಿಂದ ಓಗೊಡಲು ಮಾಮಾ, ಅತ್ತೆ ಇದ್ದಾರೆ ಎಂದು ಅವಳಿಗೆ ಹೇಳಿದೆ. "ಇರ್ಲಿ ಬಿಡು, ಬಾವಿ ಕಡಿಂದ ನಾನೂ ಓಗೊಡ್ತೀನಿ. ಆ ಮುದುಕಗ ನನ್ನ ದನಿ ಗುರುತೈತಿ" ಎಂದಳು.

ನಿಮ್ಮ ಪಾರು